ಕೆಡಿಸಲು ಕೊಟ್ಟ ಯಂತ್ರಗಳು

ನಮ್ಮ ಮನೆಯ ಟೀವಿ ರಿಮೋಟಿಗೆ ಅಂಗಡಿಯವನು ತೊಡಿಸಿ ಕೊಟ್ಟ ಪ್ಲಾಸ್ಟಿಕ್ ಕವರು ಇವತ್ತಿಗೂ ಹಾಗೇ ಇದೆ. ಅದು ಹಳದಿಗಟ್ಟಿ, ಒಳಗಿನ ಅಂಕಿಗಳೇ ಕಾಣದಂತಾಗಿವೆ. ಒಂದು ಗುಂಡಿ ಒತ್ತಿದರೆ ಪಕ್ಕದ್ದೂ ಒತ್ತಿಕೊಳ್ಳುತ್ತದೆ. ವಾರ್ತೆ ನೋಡಲು ಕುಳಿತವರು ಯಾವುದೋ ಧಾರಾವಾಹಿಯ ಅತ್ತೆಯ ಎದುರು ಹೋಗಿ ನಿಲ್ಲುತ್ತೇವೆ. ಆದರೂ ಅದನ್ನು ಬಿಚ್ಚುವ ಹಾಗಿಲ್ಲ. ನಮ್ಮ ಯಜಮಾನರು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕ್ಕು. ದಿನವಿಡೀ ಯಂತ್ರಗಳನ್ನು ಬಿಚ್ಚಿ ಹರಡಿಕೊಂಡು ಕೂರುವವರು ಮನೆಗೆ ಬಂದರೆ ಆ ಕವರಿಗೆ ಕಾವಲು. "ಬಿಚ್ಚುದ್ರೆ ಕೆಟ್ಟೋಯ್ತದೆ ಕಣೆ" ಎನ್ನುತ್ತಾರೆ. ಈಗೇನು ನೆಟ್ಟಗಿದೆಯಾ ಎಂದು ಕೇಳಿದರೆ ಮುಖ ಆ ಕಡೆ ತಿರುಗಿಸುತ್ತಾರೆ.

ಅವರೊಬ್ಬರನ್ನೇ ಅಂದು ಏನು ಪ್ರಯೋಜನ? ಒಳ್ಳೆಯ ಸ್ಟೀಲು ತಟ್ಟೆಗಳು ಬೀರುವಿನೊಳಗೆ, ಸೊಟ್ಟಗಾದವು ಊಟಕ್ಕೆ. ಸೋಫಾದ ಮೇಲೊಂದು ಹೊದಿಕೆ, ಹೊದಿಕೆ ಕೊಳೆಯಾಗದಿರಲೆಂದು ಅದರ ಮೇಲೊಂದು ಟವೆಲು. ನಮ್ಮಮ್ಮನ ಪೆಟ್ಟಿಗೆಯಲ್ಲಿ ಒಂದು ರೇಷ್ಮೆ ಸೀರೆ ಇತ್ತು. ಉಡದೇ ಉಡದೇ ಕಾಪಾಡಿ, ಕೊನೆಗೊಂದು ದಿನ ತೆಗೆದರೆ ಮಡಿಕೆಗಳ ಉದ್ದಕ್ಕೂ ಸೀಳಿಹೋಗಿತ್ತು. ನಾವು ವಸ್ತು ಕೊಳ್ಳುವುದು ಬಳಸಲಿಕ್ಕಲ್ಲ, ಕಾಯಲಿಕ್ಕೆ. ಮನೆಯಲ್ಲಿ ನಾನೂ ಇದಕ್ಕೆ ತಲೆಬಾಗಿದ್ದೇನೆ, ಸುಳ್ಳೇಕೆ ಹೇಳಲಿ. ಆದರೆ ಕಾಲೇಜಿನಲ್ಲಿ ಬಾಗಲಿಲ್ಲ. ಅಲ್ಲಿ ನಾನು ಮಾಡಿದ ಜಗಳವನ್ನು ನಿಮಗೆ ಹೇಳಬೇಕು.

ನಾನು ನಂಜನಗೂಡಿನಿಂದ ದಿನಾ ಬಸ್ಸು ಹತ್ತಿ ತಿ. ನರಸೀಪುರಕ್ಕೆ ಹೋಗಿ, ಅಲ್ಲಿನ ಒಂದು ಸಣ್ಣ ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ನಮ್ಮ ಕಾಲೇಜಿಗೆ ಯಾವುದೋ ಯೋಜನೆಯಲ್ಲಿ ಒಂದು ಸರ್ವರ್ ಬಂದಿತ್ತು. ಸರ್ವರ್ ಎಂದರೆ ಹಲವು ಜನರ ಕೆಲಸವನ್ನು ಒಟ್ಟಿಗೆ ಹೊರಬಲ್ಲ ದೊಡ್ಡ ಕಂಪ್ಯೂಟರು. ಬಂದ ದಿನವೇ ಅದನ್ನು ಲ್ಯಾಬಿನ ಪಕ್ಕದ ಕೋಣೆಯಲ್ಲಿಟ್ಟು ಬಿಳಿ ಪಂಚೆ ಹೊದಿಸಿದರು. ಪ್ರತಿ ಆಯುಧಪೂಜೆಯಲ್ಲಿ ಪಂಚೆ ಸರಿಸಿ, ವಿಭೂತಿ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಮುಂದೊಂದು ಬೂದುಗುಂಬಳಕಾಯಿ ಒಡೆದು, ಮತ್ತೆ ಪಂಚೆ ಹೊದಿಸುತ್ತಿದ್ದರು. ಒಂದು ಸಲವೂ ಆನ್ ಮಾಡಿರಲಿಲ್ಲ. ದುಡಿಯದೆ ಪೂಜೆ ಮಾಡಿಸಿಕೊಂಡವರಲ್ಲಿ ಅದೇ ಮೊದಲಿನದಲ್ಲ ಬಿಡಿ, ಆದರೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಪಕ್ಕದ ಲ್ಯಾಬಿನಲ್ಲಿದ್ದವು ಮುದಿ ಕಂಪ್ಯೂಟರುಗಳು. ಪಠ್ಯದಲ್ಲಿ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಮೂಲ ತಂತ್ರಾಂಶದ ಆಡಳಿತ ಎಂಬ ವಿಷಯವಿದೆ. ಅಂದರೆ ಒಂದು ಯಂತ್ರಕ್ಕೆ ಒಡೆಯರಾಗುವುದು ಹೇಗೆಂದು ಕಲಿಯಬೇಕು: ಬಳಕೆದಾರರನ್ನು ಸೇರಿಸುವುದು, ತೆಗೆಯುವುದು, ಡಿಸ್ಕು ಅಳಿಸುವುದು, ಹೊಸದಾಗಿ ಕಟ್ಟುವುದು. ಇದನ್ನು ಮಕ್ಕಳಿಗೆ ಆ ಮುದಿ ಯಂತ್ರಗಳ ಮೇಲೆ ಮಾಡಲು ಬಿಟ್ಟರೆ, ಬೆಳಗಿನ ತಂಡ ಕೆಡಿಸಿದ್ದಕ್ಕೆ ಮಧ್ಯಾಹ್ನದ ತಂಡ ಅಳಬೇಕಾಗುತ್ತದೆ. ಹಾಗಾಗಿ ಒಡೆತನದ ಪಾಸ್‌ವರ್ಡು ಯಾರಿಗೂ ಇಲ್ಲ. ಮಕ್ಕಳು ಆಜ್ಞೆಗಳನ್ನು ಬಾಯಿಪಾಠ ಮಾಡಿ, ರೆಕಾರ್ಡಿನಲ್ಲಿ ಮುದ್ದಾಗಿ ಬರೆದು, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಪಾಸಾಗುತ್ತಿದ್ದರು. ನೀರಿಗಿಳಿಯದೆ ಈಜಿನ ಪರೀಕ್ಷೆ ಬರೆದ ಹಾಗೆ. ಕೆಲಸ ಕೇಳಿಕೊಂಡು ಹೋದ ಕಡೆ ಕೀಬೋರ್ಡ್ ಮುಂದೆ ಕೂರಿಸಿದರೆ ಒಂದು ಗುಂಡಿಯನ್ನೂ ಒತ್ತದೆ ವಾಪಸು ಬರುತ್ತಿದ್ದರು. ನನ್ನನ್ನೂ ಹೀಗೇ ಓದಿಸಿದ್ದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅಷ್ಟರಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿಗಳಾದ ಗುರುಮಲ್ಲಪ್ಪನವರು ಒಂದು ತೀರ್ಮಾನ ಹೇಳಿಕಳಿಸಿದರು. ಅವರು ಅಕ್ಕಿ ಗಿರಣಿಯ ಯಜಮಾನರು, ಒಳ್ಳೆಯವರು, ಮಾತು ಮಾತ್ರ ಒಂದೇ. ಸೆಮಿಸ್ಟರು ಮುಗಿದ ಮೇಲೆ ಆ ಕೋಣೆ ಖಾಲಿಯಾಗಬೇಕು, ಸರ್ವರು ಗುಜರಿಗೆ, ಲಿನಕ್ಸ್ ಪ್ರಾಕ್ಟಿಕಲ್ಲನ್ನು ಇನ್ನು ಮೇಲೆ ಪರದೆಯ ಮೇಲೆ ತೋರಿಸಿದರೆ ಸಾಕು. ಮುಟ್ಟುವ ಗೋಜೇ ಬೇಡ. ನಾನು ಹೋಗಿ, ಸೆಮಿಸ್ಟರು ಮುಗಿಯುವುದರೊಳಗೆ ಆ ಸರ್ವರಿನಿಂದ ಪ್ರತಿ ಮಗುವಿಗೂ ಒಂದೊಂದು ಯಂತ್ರ ಕೊಡುತ್ತೇನೆ, ಬಂದು ನೋಡಿ ಆಮೇಲೆ ತೀರ್ಮಾನಿಸಿ ಎಂದೆ. ಅವರು ನಕ್ಕರು. "ಒಂದ್ ಡಬ್ಬದಾಗ್ ನಲವತ್ತ್ ಡಬ್ಬ ಎಂಗ್ ಕೂರುಸ್ತೀರಿ ಮೇಡಮ್ಮೋರೆ?" ಎಂದರು.

ಕೂರಿಸಬಹುದು. ಅದಕ್ಕೇ ವರ್ಚುವಲ್ ಮಷೀನ್ ಎನ್ನುವುದು. ನಮ್ಮ ಕಡೆಯ ವಠಾರ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹೊರಗಿನಿಂದ ಒಂದೇ ಬಾಗಿಲು, ಒಂದೇ ಹೆಂಚಿನ ಮಾಡು, ಒಂದೇ ಬಾವಿ. ಒಳಗೆ ಹೋದರೆ ಸಾಲು ಸಂಸಾರಗಳು, ಒಬ್ಬೊಬ್ಬರದೂ ಬೇರೆ ಒಲೆ, ಬೇರೆ ಬೀಗ. ಒಬ್ಬರ ಮನೆಯಲ್ಲಿ ಸಾರು ಸೀದುಹೋದರೆ ಪಕ್ಕದವರ ಅನ್ನಕ್ಕೇನೂ ಆಗುವುದಿಲ್ಲ. ದೊಡ್ಡ ಯಂತ್ರದ ಶಕ್ತಿಯನ್ನು ಹಾಗೇ ಪಾಲು ಮಾಡಿ, ಪ್ರತಿ ಪಾಲಿಗೂ ತಾನೇ ಒಂದು ಪೂರ್ತಿ ಕಂಪ್ಯೂಟರು ಎಂಬ ನಂಬಿಕೆ ಹುಟ್ಟಿಸುವುದು ಈ ವಿದ್ಯೆ. ಮಕ್ಕಳು ತಮ್ಮ ಪಾಲಿನ ಯಂತ್ರವನ್ನು ಏನು ಬೇಕಾದರೂ ಮಾಡಿಕೊಳ್ಳಲಿ, ವಠಾರ ಬೀಳುವುದಿಲ್ಲ. ಮುದಿ ಕಂಪ್ಯೂಟರುಗಳು ಅದರೊಳಗೆ ಇಣುಕುವ ಕಿಟಕಿಗಳಾಗಿದ್ದರೆ ಸಾಕು.

ಮೈಸೂರಿನಿಂದ ಕಂಪ್ಯೂಟರು ಮಾರಲು ಬಂದ ಒಬ್ಬರು ಇದನ್ನು ಕೇಳಿ ತುಂಬ ಮರುಗಿದರು. "ಈ ಊರಲ್ಲಿ ಇದೆಲ್ಲ ಯಾಕೆ ಮೇಡಂ, ಕ್ಲೌಡಿಗೆ ಹೋಗಿಬಿಡಿ, ಯಾವುದಾದರೂ ದೊಡ್ಡ ಕಂಪನಿಯ ಕಂಪ್ಯೂಟರಿಗೆ ಬಾಡಿಗೆ ಕಟ್ಟಿದರಾಯಿತು" ಎಂದರು. ಈ ಊರು ಎಂದು ಅವರು ಹೇಳಿದ ಧಾಟಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಎರಡು ನದಿ ಸೇರುವ ಊರು ಸ್ವಾಮಿ ಇದು, ಮೋಡ ನೋಡಿಕೊಂಡು ಕೂರುವ ದರ್ದು ನಮಗಿಲ್ಲ ಎಂದೆ. ಸ್ವಂತ ಮನೆಗೆ ಪಂಚೆ ಹೊದಿಸಿಟ್ಟು ಯಾರದೋ ಮನೆಗೆ ಬಾಡಿಗೆಗೆ ಹೋಗು ಎಂದರೆ ಯಾವ ಮರ್ಯಾದಸ್ಥರು ಹೋಗುತ್ತಾರೆ? ಅವರು ಕಾಫಿ ಕುಡಿದು ಹೋದರು. ಕ್ಲೌಡು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಮ್ಮ ಕೈಲಾಗದು ಎಂದು ಮೊದಲೇ ತೀರ್ಮಾನಿಸಿ ಕೊಡುವ ಸಲಹೆ ಮಾತ್ರ ನನಗೆ ಬೇಡ.

ಪಂಚೆ ತೆಗೆದು ಕುಂಕುಮ ಒರೆಸಿ ಸರ್ವರು ಆನ್ ಮಾಡಿದೆ. ಅದರ ಫ್ಯಾನುಗಳು ಎಬ್ಬಿಸಿದ ಸದ್ದಿಗೆ ಪಕ್ಕದ ಕೊಠಡಿಯ ಅರ್ಥಶಾಸ್ತ್ರದ ಮೇಷ್ಟ್ರು ಪಾಠ ನಿಲ್ಲಿಸಿ ಓಡಿಬಂದರು. ಲಿನಕ್ಸ್ ಹಾಕಿದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಬೇಕಾದವರು ಇಳಿಸಿಕೊಂಡು ಬಳಸಬಹುದು, ಅದರಿಂದಲೇ ನನಗೆ ಅದರ ಮೇಲೆ ಪ್ರೀತಿ. ಅದರ ಮೇಲೆ ವಠಾರ ಕಟ್ಟಿಕೊಡುವ ತಂತ್ರಾಂಶ ಹಾಕಿದರೆ, ಈ ಯಂತ್ರಕ್ಕೆ ಆ ಯೋಗ್ಯತೆಯೇ ಇಲ್ಲ ಎಂದು ತೆರೆಯ ಮೇಲೆ ಬಂತು. ನಾನೇನು ಸುಮ್ಮನಿರುತ್ತೇನೆಯೇ? ಎರಡು ದಿನ ತಡಕಾಡಿದ ಮೇಲೆ ತಿಳಿಯಿತು: ಯೋಗ್ಯತೆ ಹುಟ್ಟಿನಿಂದಲೇ ಇತ್ತು, ಯಂತ್ರದ ಮೂಲ ಸೆಟ್ಟಿಂಗಿನಲ್ಲಿ ಆ ಗುಂಡಿಯನ್ನು ಯಾರೂ ಆನ್ ಮಾಡಿರಲಿಲ್ಲ, ಅಷ್ಟೇ. ನಮ್ಮ ಕ್ಲಾಸಿನ ಅರ್ಧ ಮಕ್ಕಳ ಕಥೆಯೂ ಇಷ್ಟೇ ಎಂದುಕೊಂಡು ಆನ್ ಮಾಡಿದೆ.

ಮುಂದಿನ ತಪ್ಪು ಮಾತ್ರ ಯಂತ್ರದ್ದಲ್ಲ, ನನ್ನದು, ನಮ್ಮ ಮನೆತನದ್ದು. ಬಿಳಿಗೆರೆ ಕಡೆ ನಮ್ಮ ತವರಿನಲ್ಲಿ ಬಾಡೂಟವೆಂದರೆ ಬಡಿಸುವ ಕೈಗೆ ಬಹಳ ಜವಾಬ್ದಾರಿ. ಒಬ್ಬರ ಎಲೆಗೆ ಎರಡು ತುಂಡು, ಇನ್ನೊಬ್ಬರಿಗೆ ಒಂದು ಬಿತ್ತೋ, ನೆಂಟಸ್ತನವೇ ಕಡಿದುಹೋದೀತು. ಎಲ್ಲರಿಗೂ ಸಮ, ಹೊಟ್ಟೆ ತುಂಬ. ಮನೆಯವರು ಕೂರುವುದು ಕಡೆಯ ಪಂಕ್ತಿಗೆ, ಅವರ ಪಾಲಿಗೆ ಬರೀ ಸಾರು. ಅದನ್ನೇ ದೊಡ್ಡಸ್ತಿಕೆ ಎಂದುಕೊಂಡು ಬೆಳೆದವಳು ನಾನು. ಸರ್ವರಿನ ಮೆಮೊರಿಯನ್ನು ಮಕ್ಕಳ ಯಂತ್ರಗಳಿಗೆ ಹಂಚುವಾಗಲೂ ಹಾಗೇ ಒಂದು ಚೂರೂ ಉಳಿಸದೆ ಎಲ್ಲರಿಗೂ ಸಮನಾಗಿ ಬಡಿಸಿಬಿಟ್ಟೆ. ಸರ್ವರಿಗೆ ಉಸಿರಾಡಲು ಜಾಗ ಬೇಕೆಂದು ಹೊಳೆಯಲೇ ಇಲ್ಲ. ಮನೆಯ ಯಜಮಾನಿ ಹೇಗೋ ಸುಧಾರಿಸಿಕೊಳ್ಳುತ್ತಾಳೆ ಎಂಬ ನಂಬಿಕೆ. ಮಕ್ಕಳಿಗೆ ಕೊಡುವ ಮೊದಲು ಪರೀಕ್ಷಿಸಲೆಂದು ನಾನೇ ಎಲ್ಲ ಯಂತ್ರಗಳಿಗೂ ಒಟ್ಟಿಗೆ ಕೆಲಸ ಹಚ್ಚಿದ ಸ್ವಲ್ಪ ಹೊತ್ತಿಗೆ ಸರ್ವರು ತನ್ನ ಜೀವ ಉಳಿಸಿಕೊಳ್ಳಲು ಒಳಗಿನ ಯಂತ್ರಗಳನ್ನು ಒಂದೊಂದಾಗಿ ಕೊಲ್ಲತೊಡಗಿತು. ಉಪವಾಸವಿದ್ದ ಯಜಮಾನಿ ಉಣ್ಣುತ್ತಿದ್ದ ನೆಂಟರನ್ನೇ ಎಬ್ಬಿಸಿ ಆಚೆಗೆ ದಬ್ಬಿದ ಹಾಗಾಯಿತು. ಮೊದಲು ಯಜಮಾನಿಗೆ ಒಂದು ಪಾಲು ಎತ್ತಿಟ್ಟು, ಉಳಿದದ್ದನ್ನು ಹಂಚಿದ ಮೇಲೆ ಎಲ್ಲವೂ ನೆಟ್ಟಗೆ ನಡೆಯಿತು. ಅಂದಿನಿಂದ ನಾನು ಮನೆಯಲ್ಲೂ ನನ್ನ ತಟ್ಟೆಗೆ ಮೊದಲೇ ಎರಡು ತುಂಡು ಎತ್ತಿಟ್ಟುಕೊಳ್ಳುತ್ತೇನೆ. ಯಜಮಾನರು ಕೇಳಿದರೆ, ಇದು ಲಿನಕ್ಸ್ ನಿಯಮ ಎಂದಿದ್ದೇನೆ.

ಆಮೇಲೆ ಎದುರಾದದ್ದು ಶಿವಣ್ಣ. ಶಿವಣ್ಣ ನಮ್ಮ ಅಟೆಂಡರು. ಕಾಲೇಜು ಬಿಟ್ಟ ಮೇಲೆ ಮೇನ್ ಸ್ವಿಚ್ ಎಳೆದೇ ಮನೆಗೆ ಹೋಗುವವನು. ತಲಕಾಡಿನ ಬಸ್ಸು ಬೇಗ ಹೊರಡುತ್ತದೆಂದು ಲ್ಯಾಬನ್ನು ಅರ್ಧಕ್ಕೆ ಬಿಟ್ಟು ಓಡುವ ಮಕ್ಕಳು ಸಂಜೆ ಮನೆಯಿಂದ ಫೋನಿನಲ್ಲೇ ತಮ್ಮ ಯಂತ್ರಕ್ಕೆ ಬಂದು ಕೆಲಸ ಮುಂದುವರಿಸಲಿ ಎಂಬುದು ನನ್ನ ಆಸೆ. ಶಿವಣ್ಣ ಸ್ವಿಚ್ ಎಳೆದರೆ ಇಡೀ ವಠಾರಕ್ಕೆ ಕತ್ತಲೆ. ನಾನು ಬೇಡಿಕೊಂಡೆ, ಗದರಿದೆ, ಚೀಟಿ ಅಂಟಿಸಿದೆ. "ಅದೇನಾರ ಇರ್ಲಿ ಮೇಡಮ್ಮೋರೆ, ಕರೆಂಟ್ ಬುಟ್ಟೋದ್ರೆ ನಂಗ್ ಅನ್ನ ಸೇರಾಕಿಲ್ಲ" ಎಂದ. ಆದರೆ ಆಫೀಸಿನ ಗಣಪತಿ ಪಟದ ಮುಂದಿನ ಕೆಂಪು ಬಲ್ಬನ್ನು ಮಾತ್ರ ಅವನು ಯಾವತ್ತೂ ಆರಿಸುತ್ತಿರಲಿಲ್ಲ. ಅದಕ್ಕೆ ಬೇರೆಯೇ ಲೈನು, ಹಿಂದೊಂದು ದೊಡ್ಡ ಬ್ಯಾಟರಿ. ನಾನು ಎಲೆಕ್ಟ್ರಿಷಿಯನ್ನನ್ನು ಕರೆಸಿ ಸರ್ವರನ್ನು ಅದೇ ಲೈನಿಗೆ ಸೇರಿಸಿಬಿಟ್ಟೆ. ಬುದ್ಧನ ಪಟ ಹಾಕಿಕೊಂಡ ಮನೆಯವಳು ನಾನು, ಗಣಪತಿಯ ಹತ್ತಿರ ಯಾವ ಸಹಾಯವನ್ನೂ ಕೇಳಿದವಳಲ್ಲ. ಆದರೆ ಕರೆಂಟಿನ ವಿಷಯದಲ್ಲಿ ಅವನ ನೆಂಟಸ್ತನ ನನಗೆ ಬಹಳ ಒದಗಿತು.

ಯಂತ್ರಗಳು ಸಿದ್ಧವಾದವು. ಇವು ನಿಜವಾದ ಯಂತ್ರಗಳೋ, ತೋರಿಕೆಯೋ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಜಗತ್ತೇ ತೋರಿಕೆ ಎನ್ನುವವರು ನಮ್ಮಲ್ಲಿ ದೊಡ್ಡ ದೊಡ್ಡವರಿದ್ದಾರೆ. ಆದರೆ ಪಕ್ಕದಲ್ಲೇ ಇರುವ ಸೋಸಲೆಗೆ ಹೋಗಿ ಆ ಮಾತು ಆಡಿ ನೋಡಿ. ಅದು ದ್ವೈತಿಗಳ ಮಠವಿರುವ ಊರು. ಜಗತ್ತು ಸತ್ಯ, ನೀನು ಬೇರೆ, ನಾನು ಬೇರೆ, ಅದೂ ಸತ್ಯ ಎಂದು ಕೂರಿಸಿಕೊಂಡು ಹೇಳಿ, ಊಟ ಹಾಕಿ ಕಳಿಸುತ್ತಾರೆ. ಈ ವಿಷಯದಲ್ಲಿ ನಾನು ಸೋಸಲೆಯ ಕಡೆಗೆ. ಒಳಗೆ ಕೂತು ಕೆಲಸ ಮಾಡುವವರಿಗೆ ಅದು ಸತ್ಯವೇ, ಒಂದಕ್ಕೊಂದು ಬೇರೆಯೇ. ಕೆಟ್ಟರೆ ಕೆಡುತ್ತದೆ, ದುಡಿದರೆ ದುಡಿಯುತ್ತದೆ, ಇನ್ನೇನು ಬೇಕು ಎಂದೆ. ಹುಡುಗ ತಲೆಯಾಡಿಸಿದ, ಒಪ್ಪಿದನೋ ಬೆಲ್ಲು ಹೊಡೆಯಿತೋ ಗೊತ್ತಿಲ್ಲ.

ಎಲ್ಲ ಕೊಟ್ಟ ಮೇಲೆ ಒಂದು ವಿಚಿತ್ರ ನಡೆಯಿತು. ಯಾರೂ ಏನೂ ಮಾಡಲಿಲ್ಲ. ಸವಿತಾ ಎಂಬ ಹುಡುಗಿ ಇದ್ದಾಳೆ, ಸೋಸಲೆಯವಳೇ, ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಾರೆ. ಆಜ್ಞೆಗಳೆಲ್ಲ ಅವಳಿಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತಿದ್ದವು. ಅವಳು ತನ್ನ ಹೆಸರಿನ ಯಂತ್ರದ ಮುಂದೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಯಾಕಮ್ಮ ಎಂದರೆ, "ಬ್ಯಾಡ ಮಿಸ್, ಚೆನ್ನಾಗದೆ, ಇಂಗೇ ಇರ್ಲಿ. ನಾನ್ ಮುಟ್ಟುದ್ರೆ ಏನಾರ ಆಗೋಯ್ತದೆ" ಎಂದಳು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಕೋಪ ಬಂತು. ನಮ್ಮಜ್ಜಿ ಊರ ಬಾವಿಯ ಹತ್ತಿರ ಬಿಂದಿಗೆ ಇಟ್ಟು ದೂರ ನಿಂತಿರಬೇಕಿತ್ತಂತೆ, ಯಾರಾದರೂ ಬಂದು ಮೇಲಿನಿಂದ ಹುಯ್ಯುವವರೆಗೆ. ಹಗ್ಗ ಮುಟ್ಟುವ ಹಾಗಿರಲಿಲ್ಲ. ಅಜ್ಜಿ ಅದನ್ನು ಹೇಳುವಾಗ ಅಳುತ್ತಿರಲಿಲ್ಲ, ಅದಕ್ಕೇ ನನಗೆ ಇನ್ನೂ ಸಂಕಟವಾಗುತ್ತಿತ್ತು. ಆ ಹಗ್ಗದಿಂದ ಈ ಕೀಬೋರ್ಡಿನ ತನಕ ಬಂದ ಮೇಲೂ, ಯಾರೂ ತಡೆಯದಿದ್ದಾಗಲೂ, ಈ ಹುಡುಗಿಯ ಕೈ ತಾನಾಗಿಯೇ ಮಡಿಲಿಗೆ ಹೋಗಿ ಕೂತಿದೆಯಲ್ಲ! "ಇವತ್ತಿನ ಪಾಠ ಒಂದೇ" ಎಂದು ಜೋರಾಗಿ ಹೇಳಿದೆ. "ಎಲ್ಲರೂ ನಿಮ್ಮ ನಿಮ್ಮ ಯಂತ್ರ ಕೆಡಿಸಿ. ಕೆಡಿಸದವರಿಗೆ ಹಾಜರಿ ಇಲ್ಲ."

ಕೆಡಿಸಿದರು ನೋಡಿ! ಹಾಜರಿಯ ಭಯಕ್ಕೆ ಶುರು ಮಾಡಿದವರು ಆಮೇಲೆ ಆಸೆಯಿಂದ ಕೆಡಿಸಿದರು. ಡಿಸ್ಕು ಅಳಿಸಿದರು, ತಮ್ಮನ್ನು ತಾವೇ ಹೊರಗೆ ಹಾಕಿ ಬೀಗ ಜಡಿದುಕೊಂಡರು. ಪ್ರತಿ ಯಂತ್ರವೂ ಚೆನ್ನಾಗಿದ್ದಾಗಿನ ಸ್ಥಿತಿಯನ್ನು ನಾನು ಹಿಡಿದಿಟ್ಟಿದ್ದೆ. ಒಂದು ಆಜ್ಞೆ ಕೊಟ್ಟರೆ ಮೊದಲಿನ ಹಾಗೇ ಎದ್ದು ಕೂರುತ್ತಿತ್ತು. ತಲಕಾಡಿನಲ್ಲಿ ದೇವಸ್ಥಾನಗಳೇ ಮರಳಿನಡಿ ಮುಚ್ಚಿಹೋಗಿ ಎದ್ದು ಬರುತ್ತವೆ, ಒಂದು ಕಂಪ್ಯೂಟರಿನ ಪಾಡೇನು ಎಂದೆ. ಒಂದೆರಡು ವಾರದಲ್ಲಿ ಅವರೇ ಎಬ್ಬಿಸುವುದನ್ನೂ ಕಲಿತರು. ಯಾಕೆ ಕೆಟ್ಟಿತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು. ನಾನು ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಹೆಚ್ಚು ಪಾಠ ಆ ಗಲಾಟೆಯಲ್ಲಿ ನಡೆಯಿತು.

ಸೆಮಿಸ್ಟರಿನ ಕೊನೆಗೆ ಗುರುಮಲ್ಲಪ್ಪನವರು ಬಂದರು. ಹಿಂದೆ ಪ್ರಿನ್ಸಿಪಾಲರು, ಅವರ ಹಿಂದೆ ಶಿವಣ್ಣ. ಸವಿತಾಳ ಯಂತ್ರದಲ್ಲಿ ಅವಳೇ ಕಟ್ಟಿದ್ದ ಒಂದು ವೆಬ್‌ಸೈಟು ನಡೆಯುತ್ತಿತ್ತು. ಅದನ್ನು ತೋರಿಸಿ, ಏನೇನು ಮಾಡಿದ್ದಾಳೆಂದು ಹೇಳಿದಳು. ಕಾರ್ಯದರ್ಶಿಗಳು ಮೆಚ್ಚಿ ಗೋಣು ಆಡಿಸುತ್ತಿರುವಾಗಲೇ, "ಈಗ ನೋಡಿ ಸಾ" ಎಂದು ಇಡೀ ಯಂತ್ರವನ್ನು ಅಳಿಸಿ ಹಾಕಿದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ತೆರೆ ಕಪ್ಪಾಯಿತು. ಪ್ರಿನ್ಸಿಪಾಲರು ಕುರ್ಚಿ ಹಿಡಿದುಕೊಂಡರು.

"ಇದೇನ್ ಮೇಡಮ್ಮೋರೆ, ಕಾಲೇಜಲ್ ಆಳ್ ಮಾಡಾದ್ ಕಲುಸ್ತಿದ್ದೀರಾ?" ಎಂದರು ಗುರುಮಲ್ಲಪ್ಪನವರು. ದನಿ ಏರಿತ್ತು. "ಇದ್ಕೇ ನಾನ್ ಏಳಿದ್ದು, ಯಾರೂ ಮುಟ್ಟಾದ್ ಬ್ಯಾಡ ಅಂತ."

ನಾನು ಹೇಳಿಬಿಟ್ಟೆ. "ಹೌದು ಸಾರ್, ಅದನ್ನೇ ಕಲಿಸುತ್ತಿದ್ದೀನಿ. ಮುಟ್ಟಬೇಡ ಅನ್ನೋ ಮಾತನ್ನ ನಮ್ಮ ಕಡೆಯವರು ತಲೆತಲಾಂತರದಿಂದ ಕೇಳಿಸಿಕೊಂಡಿದ್ದಾಯಿತು. ಈ ಕೋಣೆಯಲ್ಲಿ ಆ ಮಾತನ್ನ ನಾನು ಯಾರಿಗೂ ಹೇಳಲ್ಲ. ಬೇಕಾದರೆ ಸರ್ವರ್ ಜೊತೆ ನನ್ನನ್ನೂ ಗುಜರಿಗೆ ಹಾಕಿ."

ಗುರುಮಲ್ಲಪ್ಪನವರು ನನ್ನ ಮುಖವನ್ನೇ ನೋಡಿದರು, ಆಮೇಲೆ ನೆಲ ನೋಡಿದರು. ಅಷ್ಟರಲ್ಲಿ ಸವಿತಾ ಕೆಲಸ ಮುಗಿಸಿದ್ದಳು. ವೆಬ್‌ಸೈಟು ಮತ್ತೆ ಎದ್ದು ಕೂತಿತ್ತು. ಪಕ್ಕದಲ್ಲಿ ಇನ್ನೊಂದು ಹೊಸ ಯಂತ್ರವನ್ನೂ ಹುಟ್ಟಿಸಿ, ಎದ್ದು ಕುರ್ಚಿ ಬಿಟ್ಟುಕೊಟ್ಟು ಹೇಳಿದಳು: "ಇದು ನಿಮ್ದು ಸಾ. ನೀವೂ ಒಂದ್ಸಲ ಕೆಡುಸ್ ನೋಡಿ. ಏನಾಗಕಿಲ್ಲ."

ಅವರು ಕೂತರು. ಗಿರಣಿಯನ್ನೇ ನಡೆಸುವ ಮನುಷ್ಯನ ಬೆರಳು ಗುಂಡಿಗಳ ಮೇಲೆ ನಿಂತೇ ಇತ್ತು. "ನಮ್ಮಪ್ಪಾಜಿ ಒಂದ್ ರೇಡಿಯೋ ತಂದಿದ್ರು ಕಣವ್ವ" ಎಂದರು ಮೆಲ್ಲಗೆ. "ಅವ್ರ್ ಓಗೋಗಂಟ ನಂಗ್ ಅದ್ರ ಗುಂಡಿ ತಿರುಗ್ಸಾಕ್ ಬುಡ್ಲಿಲ್ಲ." ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, "ಎಲ್ಲಾರೂ ಒಸಿ ಆಚೆಗೋಗಿ" ಎಂದರು.

ಹೋದೆವು. ಬಾಗಿಲ ಆಚೆ ನಿಂತ ನಮಗೆ ಒಳಗಿನಿಂದ ಟಕ್ ಟಕ್ ಸದ್ದು ಕೇಳಿಸುತ್ತಿತ್ತು. ಮೊದಲು ಒಂದೊಂದಾಗಿ, ಆಮೇಲೆ ಧಾರಾಳವಾಗಿ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. "ಕೆಟ್ಟೋಯ್ತು" ಎಂದು ಹೇಳಿ, ಯಾರಾದರೂ ಬೈಯುತ್ತಾರೇನೋ ಎಂಬಂತೆ ಒಂದು ಗಳಿಗೆ ಹಾಗೇ ನಿಂತರು. ಯಾರೂ ಬೈಯಲಿಲ್ಲ. ಸವಿತಾ ಒಳಗೆ ಹೋಗಿ, "ಏನ್ ಒತ್ತುದ್ರಿ ಸಾ, ಅದ್ನೇಳಿ, ಅದೇ ಪಾಠ" ಎಂದಳು.

ಕೋಣೆ ಖಾಲಿ ಮಾಡುವ ಮಾತನ್ನು ಅವರು ಮತ್ತೆ ಎತ್ತಿಲ್ಲ, ನಾನೂ ನೆನಪಿಸಲು ಹೋಗಿಲ್ಲ. ಈಗ ಸರ್ವರಿನಲ್ಲಿ ಅವರ ಹೆಸರಿನದೂ ಒಂದು ಯಂತ್ರವಿದೆ. ಸಂತೆಯ ದಿನ ಗಿರಣಿ ಕಡೆಯಿಂದ ಬಂದು ಅರ್ಧ ಗಂಟೆ ಕೂತು, ಅದನ್ನು ಕೆಡಿಸಿ, ಬಹಳ ಗೆಲುವಾಗಿ ಮನೆಗೆ ಹೋಗುತ್ತಾರೆ.